ಬೇಸಿಗೆ ಶಿಬಿರದ ಕೆಲಸಕ್ಕೆ ಏನು ಹಾಕಿಕೊಂಡು ಹೋಗುವುದು? ಪತ್ರದಲ್ಲಿ ‘ಸೂಕ್ತ ಉಡುಪು’ ಅಂತ ಮಾತ್ರ ಇದೆ

ಮೊದಲ ಬೇಸಿಗೆ

ಎಲ್ಲರಿಗೂ ನಮಸ್ಕಾರ. ಬೇಸಿಗೆ ಶಿಬಿರದಲ್ಲಿ ಇದೇ ಮೊದಲ ಸಲ ಕೆಲಸ ಸಿಕ್ಕಿದೆ. ಎಂಟರಿಂದ ಹನ್ನೊಂದು ವರ್ಷದ ಮಕ್ಕಳ ಗುಂಪು ನೋಡಿಕೊಳ್ಳಬೇಕು. ಆರು ವಾರ, ರಾತ್ರಿಯೂ ಅಲ್ಲೇ ಇರಬೇಕು.

ಬಟ್ಟೆ ಬಗ್ಗೆ ಪತ್ರದಲ್ಲಿ ಇರುವುದು ಒಂದೇ ಸಾಲು. ಸಿಬ್ಬಂದಿ ‘ಅಚ್ಚುಕಟ್ಟಾದ, ಸೂಕ್ತ ಉಡುಪಿನಲ್ಲಿ’ ಇರಬೇಕಂತೆ. ಸೂಕ್ತ ಅಂದರೆ ಏನು ಅಂತ ಫೋನ್ ಮಾಡಿ ಕೇಳಿದೆ. ‘ನಿಮಗೇ ಗೊತ್ತಾಗುತ್ತೆ ಬಿಡಿ’ ಅಂದರು. ಗೊತ್ತಿದ್ದರೆ ಫೋನ್ ಯಾಕೆ ಮಾಡುತ್ತಿದ್ದೆ?

ಅವರು ಎರಡು ಟಿ-ಶರ್ಟ್ ಕೊಡುತ್ತಾರೆ. ಉಳಿದದ್ದು ನನ್ನದು. ಸದ್ಯಕ್ಕೆ ನನ್ನ ಹತ್ತಿರ ಇರುವುದು ಮೂರು ಜೀನ್ಸ್, ಒಂದಿಷ್ಟು ಆಫೀಸ್ ಅಂಗಿ, ಹವಾಯಿ ಚಪ್ಪಲಿ, ಮತ್ತೆ ಓಡಲಿಕ್ಕೆ ಅಂತ ಕೊಂಡು ಓಡದೇ ಇಟ್ಟ ಒಂದು ಜೊತೆ ಶೂ. ಶಿಬಿರದಲ್ಲಿ ಕೆರೆ ಇದೆ, ಹಗ್ಗ ಹತ್ತುವುದಿದೆ, ಕಾಡಿನ ನಡಿಗೆ, ರಾತ್ರಿ ಬೆಂಕಿ ಸುತ್ತ ಕೂರುವುದು, ಬಣ್ಣದ ಕೆಲಸ ಎಲ್ಲ ಇದೆ. ಏನು ಕೊಳ್ಳಲಿ, ಏನು ಬಿಡಲಿ?

ಹಳೇ ಸೀಟಿ

ಹನ್ನೊಂದು ಬೇಸಿಗೆ ಇದೇ ಕೆಲಸ ಮಾಡಿದ್ದೇನೆ. ಬಟ್ಟೆ ವಿಷಯದಲ್ಲಿ ಮಾಡಬಹುದಾದ ತಪ್ಪನ್ನೆಲ್ಲ ಮಾಡಿ ಮುಗಿಸಿದ್ದೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಕನ್ನಡಿ ಮುಂದೆ ನೆಟ್ಟಗೆ ನಿಂತು ಬಟ್ಟೆ ಆರಿಸಬೇಡಿ. ಶಿಬಿರದಲ್ಲಿ ನೀವು ನೆಟ್ಟಗೆ ನಿಲ್ಲುವುದೇ ಕಡಿಮೆ. ಕುಕ್ಕರಗಾಲಲ್ಲಿ ಕೂತು ಯಾರದೋ ಲೇಸು ಕಟ್ಟುತ್ತೀರಿ. ಎರಡೂ ಕೈ ಮೇಲೆತ್ತಿ ಕೊಂಬೆಗೆ ಸಿಕ್ಕಿದ ಚೆಂಡು ಇಳಿಸುತ್ತೀರಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತೀರಿ. ಅಷ್ಟರಲ್ಲಿ ಒಬ್ಬ ಹಿಂದಿನಿಂದ ಬಂದು ತೋಳಿಗೆ ಜೋತುಬೀಳುತ್ತಾನೆ. ಈ ನಾಲ್ಕನ್ನೂ ಮನೆಯಲ್ಲೇ ಮಾಡಿ ನೋಡಿ. ನಡುವೆ ಎಲ್ಲಾದರೂ ಬಟ್ಟೆಗೆ ಕೈ ಹಾಕಿ ಎಳೆದು ಸರಿಮಾಡಿಕೊಳ್ಳಬೇಕಾಯಿತೋ, ಆ ಬಟ್ಟೆ ಮನೆಯಲ್ಲೇ ಇರಲಿ.

ಅಂದಚಂದದ ಮಾತಲ್ಲ ಇದು. ನಿಮ್ಮ ಕೈ ನಿಮ್ಮ ಬಟ್ಟೆ ಮೇಲಿದ್ದರೆ ಮಗುವಿಗೆ ಸಿಗುವುದಿಲ್ಲ, ಅಷ್ಟೇ.

ಜೀನ್ಸ್ ಮೂರೂ ಬಿಟ್ಟು ಬನ್ನಿ. ಒಂದು ಸಲ ಒದ್ದೆಯಾದರೆ ಮಣಭಾರ. ಬೆಳಿಗ್ಗೆ ನೆನೆದದ್ದು ರಾತ್ರಿಯಾದರೂ ಸೊಂಟದ ಪಟ್ಟಿ ಹತ್ತಿರ ಹಸಿ ಹಸಿ ಇರುತ್ತದೆ. ತೊಡೆ ಉಜ್ಜಿ ಹುಣ್ಣಾಗುತ್ತದೆ. ಬೇಗ ಒಣಗುವ ಬಟ್ಟೆಯ ಚಡ್ಡಿ ಎರಡು, ಉದ್ದ ಪ್ಯಾಂಟು ಎರಡು ಸಾಕು. ಜೇಬು ಆಳವಾಗಿರಬೇಕು, ಜಿಪ್ ಇದ್ದರೆ ಇನ್ನೂ ಒಳ್ಳೆಯದು. ಸೀಟಿ, ಬೀಗದ ಕೈ, ಯಾರದೋ ಬಿದ್ದ ಹಲ್ಲು, ಎಲ್ಲವೂ ನಿಮ್ಮ ಜೇಬಿಗೇ ಬರುತ್ತವೆ. ಹಲ್ಲಿನ ಮಾತು ತಮಾಷೆಯಲ್ಲ.

ಹವಾಯಿ ಚಪ್ಪಲಿ ಸ್ನಾನದ ಮನೆಗೆ ಮಾತ್ರ.

ಮೊದಲ ಬೇಸಿಗೆ

ಚಪ್ಪಲಿಗೆ ಅಷ್ಟು ವಿರೋಧ ಯಾಕೆ? ಬೇಸಿಗೆಯಲ್ಲಿ ದಿನವಿಡೀ ಶೂ ಅಂದರೆ ಕಾಲು ಬೆಂದುಹೋಗುವುದಿಲ್ವಾ?

ಹಳೇ ಸೀಟಿ

ಮಗು ಓಡಿದರೆ ನೀವೂ ಓಡಬೇಕು. ಹಿಮ್ಮಡಿ ಹಿಡಿಯದ ಚಪ್ಪಲಿಯಲ್ಲಿ ನಾಲ್ಕು ಹೆಜ್ಜೆ ಓಡಿ ನೋಡಿ. ಐದನೆಯದಕ್ಕೆ ಚಪ್ಪಲಿ ಒಂದು ಕಡೆ, ನೀವು ಒಂದು ಕಡೆ. ನಾನು ಹೀಗೆ ಬಿದ್ದು ಮಂಡಿ ಸುಲಿದುಕೊಂಡೆ. ಯಾರನ್ನು ಹಿಡಿಯಲು ಹೋಗಿದ್ದೆನೋ ಅವನೇ ವಾಪಸ್ ಬಂದು ‘ನೋವಾಯ್ತಾ?’ ಅಂತ ಕೇಳಿದ.

ಬೆರಳು ಮುಚ್ಚಿದ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಸಿಗುತ್ತದೆ. ನೀರಿನ ಹತ್ತಿರಕ್ಕೆ ಅದು. ಉಳಿದ ಹೊತ್ತು ಶೂ.

ನರ್ಸಕ್ಕ

ಶಿಬಿರದ ಆರೋಗ್ಯ ಕೊಠಡಿಯಲ್ಲಿ ಕೂರುವವಳು ನಾನು. ಮೊದಲ ವಾರ ನನ್ನ ಹತ್ತಿರ ಜಾಸ್ತಿ ಬರುವುದು ಮಕ್ಕಳಲ್ಲ, ಸಿಬ್ಬಂದಿ. ಕಾರಣ ಕಾಲಿನ ಬೊಬ್ಬೆ.

ಬೊಬ್ಬೆಗೆ ಬೇಕಾದದ್ದು ಉಜ್ಜಾಟ, ಬಿಸಿ, ತೇವ. ಹೊಸ ಶೂ, ಹತ್ತಿ ಕಾಲುಚೀಲ, ಬೆವರು. ಮೂರೂ ಸೇರಿದರೆ ಎರಡು ದಿನ ಸಾಕು. ಆ ಓಡದ ಶೂ ಇದೆಯಲ್ಲ, ಅದನ್ನು ಇವತ್ತಿನಿಂದಲೇ ಹಾಕಿಕೊಂಡು ಓಡಾಡಿ. ಶಿಬಿರದಲ್ಲೇ ಪಳಗಿಸುತ್ತೇನೆ ಅಂದುಕೊಳ್ಳಬೇಡಿ. ಇನ್ನೊಂದು ಜೊತೆ ಕೂಡ ಬೇಕು. ಹಳೆಯದಾದರೂ ಪರವಾಗಿಲ್ಲ. ಒಂದು ಒಣಗುವಾಗ ಇನ್ನೊಂದು ಕಾಲಲ್ಲಿರಬೇಕು. ಕಾಲುಚೀಲ ಹತ್ತಿಯದು ಬೇಡ. ತೆಳು ಉಣ್ಣೆ ಅಥವಾ ಸಿಂಥೆಟಿಕ್ ತೆಗೆದುಕೊಳ್ಳಿ. ನೀವು ಲೆಕ್ಕ ಹಾಕಿದ್ದರ ಎರಡರಷ್ಟು ತನ್ನಿ.

ಯಾರೂ ಹೇಳಿಕೊಡದ ಇನ್ನೊಂದು ವಿಷಯ ರಾತ್ರಿ ಉಡುಪು. ಹಗಲಿನ ಬಟ್ಟೆ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ ಒಂದು ಮಗು ವಾಂತಿ ಮಾಡಿಕೊಳ್ಳುತ್ತದೆ, ಇನ್ನೊಂದು ಮನೆ ನೆನಪಾಗಿ ಅಳುತ್ತದೆ. ನೀವು ಹೇಗೆ ಮಲಗಿದ್ದಿರೋ ಹಾಗೇ ಎದ್ದು ದೀಪದ ಬೆಳಕಿಗೆ ಬರಬೇಕು. ಮಗುವನ್ನು ಎತ್ತಿಕೊಂಡು ನನ್ನ ಕೊಠಡಿತನಕ ನಡೆಯಬೇಕು. ಬಟ್ಟೆ ಹುಡುಕುವಷ್ಟು ಹೊತ್ತು ಇರುವುದಿಲ್ಲ. ಆದ್ದರಿಂದ ಮಲಗುವ ಬಟ್ಟೆಯೂ ನಾಲ್ಕು ಜನರ ಎದುರು ಓಡಾಡುವಂಥದ್ದೇ ಇರಲಿ. ಉದ್ದ ಪೈಜಾಮ, ದಪ್ಪ ಟಿ-ಶರ್ಟ್. ಮಂಚದ ಪಕ್ಕ ಕಾಲು ತೂರಿಸಿದರೆ ಸಾಕು ಅನ್ನುವಂಥ ಶೂ. ಅದರೊಳಗೆ ಟಾರ್ಚು. ಹಾಕಿಕೊಳ್ಳುವ ಮೊದಲು ಶೂ ಒಂದು ಸಲ ಕೊಡವಿ. ಒಳಗೆ ಬೇರೆ ಯಾರಾದರೂ ಬಾಡಿಗೆಗೆ ಇರಬಹುದು.

ಸೆಂಟು ಬೇಡ. ಗುಂಪಿನಲ್ಲಿ ಅಸ್ತಮಾ ಇರುವ ಒಂದು ಮಗುವಾದರೂ ಇರುತ್ತದೆ. ಘಾಟು ವಾಸನೆಯಿಂದಲೇ ಕೆಲವು ಮಕ್ಕಳಿಗೆ ಉಸಿರು ಕಟ್ಟುತ್ತದೆ.

ಹಗ್ಗದ ಮೇಷ್ಟ್ರು

ಹಗ್ಗದ ಕೋರ್ಸ್ ನನ್ನದು. ನನ್ನ ಕಡೆ ಬರುವಾಗ ಜೋತಾಡುವುದು ಯಾವುದೂ ಬೇಡ. ಕಿವಿಯ ರಿಂಗು, ಕತ್ತಿನ ಸರ, ಹೂಡಿ ಅಂಗಿಯ ದಾರ ಎಲ್ಲ ಕಳಚಿಟ್ಟು ಬನ್ನಿ. ಉದ್ದ ಕೂದಲು ಬಿಗಿಯಾಗಿ ಕಟ್ಟಿರಬೇಕು. ಹಗ್ಗ ಹಾಯುವ ಸಲಕರಣೆಗೆ ಕೂದಲು ಸಿಕ್ಕಿದರೆ ಬಿಡಿಸುವುದು ಎಷ್ಟು ಕಷ್ಟ ಅಂತ ನೋಡಿದವರಿಗೇ ಗೊತ್ತು.

ಬೆರಳಿನ ಉಂಗುರ ಎಲ್ಲಕ್ಕಿಂತ ಕೆಟ್ಟದ್ದು. ಎತ್ತರದಿಂದ ಜಿಗಿಯುವಾಗ ಉಂಗುರ ಯಾವುದಾದರೂ ಮೊಳೆಗೋ ಕೊಕ್ಕೆಗೋ ಸಿಕ್ಕಿಕೊಂಡರೆ ಮೈಭಾರ ಪೂರ್ತಿ ಆ ಒಂದು ಬೆರಳಿನ ಮೇಲೆ. ಬೆರಳಿನ ಚರ್ಮ ಕೈಗವಸಿನ ಹಾಗೆ ಕಳಚಿ ಬರುತ್ತದೆ. ಓದುವಾಗ ಮೈ ಜುಮ್ ಅಂದಿದ್ದರೆ ಒಳ್ಳೆಯದೇ ಆಯಿತು. ಉಂಗುರ ತೆಗೆದಿಟ್ಟೇ ಬರುತ್ತೀರಿ.

ಮತ್ತೆ ಸೀಟಿ ದಾರ. ಎಲ್ಲ ಶಿಬಿರದಲ್ಲೂ ಕತ್ತಿಗೆ ಹಾಕುವ ಲ್ಯಾನ್ಯಾರ್ಡ್ ಕೊಡುತ್ತಾರೆ. ಜೋರಾಗಿ ಎಳೆದರೆ ತಾನೇ ಬಿಚ್ಚಿಕೊಳ್ಳುವ ಕೊಂಡಿ ಅದರಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಕತ್ತಿಗೆ ಹಾಕಲೇಬೇಡಿ, ಸೊಂಟಕ್ಕೆ ಸಿಕ್ಕಿಸಿ. ಎಂಟು ವರ್ಷದ ಮಗುವಿಗೆ ನಿಮ್ಮ ಲ್ಯಾನ್ಯಾರ್ಡ್ ಅಂದರೆ ಕುದುರೆಯ ಲಗಾಮು.

ಕೆರೆ ಕಾವಲು

ನೀರಿನ ಕಡೆಯಿಂದ ನಾನು ಒಂದೆರಡು ಮಾತು ಸೇರಿಸುತ್ತೇನೆ.

ಈಜುಡುಗೆ ಬಣ್ಣ ನೋಡಿ ತೆಗೆದುಕೊಳ್ಳಿ. ತಿಳಿನೀಲಿ ಮತ್ತು ಬಿಳಿ ಈಜುಕೊಳದ ನೀರಿನಲ್ಲಿ ಕರಗಿಹೋದ ಹಾಗೆ ಕಾಣದಾಗುತ್ತವೆ. ಕಣ್ಣಿಗೆ ಹೊಡೆಯುವ ಕಿತ್ತಳೆ, ಗುಲಾಬಿಯಂಥ ನಿಯಾನ್ ಬಣ್ಣ ದೂರಕ್ಕೂ ಕಾಣುತ್ತದೆ. ಕೆರೆಯ ಕದಡಿದ ನೀರಿನಲ್ಲಿ ಕಡುಬಣ್ಣವೂ ಮಾಯವಾಗುತ್ತದೆ. ಮಕ್ಕಳಿಗೆ ಈ ಮಾತು ಎಲ್ಲರೂ ಹೇಳುತ್ತಾರೆ. ಆದರೆ ನೀರಿಗಿಳಿದ ಸಿಬ್ಬಂದಿಯೂ ನನ್ನ ಕಣ್ಣಿಗೆ ಬೀಳಬೇಕಲ್ಲ. ಹಲವು ದೇಶಗಳಲ್ಲಿ ಜೀವರಕ್ಷಕರಿಗೆ ಕೆಂಪು-ಹಳದಿ ಕೊಟ್ಟಿರುವುದು ಇದಕ್ಕೇ. ಹಾಗಾಗಿ ಜೀವರಕ್ಷಕರಲ್ಲದವರು ಅದೇ ಬಣ್ಣದ ಜೋಡಿ ಹಾಕಿಕೊಂಡು ಕೆರೆ ದಂಡೆಗೆ ಬರಬೇಡಿ. ತುರ್ತಿನಲ್ಲಿ ಜನ ನಿಮ್ಮ ಕಡೆ ಓಡಿಬರುತ್ತಾರೆ.

ಈಜುಡುಗೆಗೂ ಹಳೇ ಸೀಟಿಯವರ ನಾಲ್ಕು ಪರೀಕ್ಷೆ ನಡೆಯುತ್ತದೆ. ನೀರಲ್ಲಿ ಹೆದರಿದ ಮಗು ಸಿಕ್ಕಿದ್ದನ್ನು ಬಾಚಿ ಹಿಡಿಯುತ್ತದೆ, ಬಟ್ಟೆಯನ್ನೂ ಸೇರಿಸಿ. ಮೇಲೆ ಉದ್ದ ತೋಳಿನ ಈಜು ಅಂಗಿ ಹಾಕಿ, ಗಂಡಸರೂ ಹೆಂಗಸರೂ. ಬಿಸಿಲಿಗೂ ಅದೇ ಒಳ್ಳೆಯದು.

ಬಟ್ಟೆ ಬದಲಿಸುವುದು ಮಕ್ಕಳ ಎದುರು ಖಂಡಿತ ಬೇಡ. ಮಕ್ಕಳು ಇರುವ ಕೋಣೆಯಲ್ಲಿ ಸಿಬ್ಬಂದಿ ಬಟ್ಟೆ ಬದಲಿಸಬಾರದು ಅನ್ನುವುದು ಮಕ್ಕಳ ಸುರಕ್ಷತೆಯ ಮೂಲ ನಿಯಮ. ಈಜು ಇರುವ ದಿನ ಒಳಗೇ ಈಜುಡುಗೆ ಹಾಕಿಕೊಂಡು ಹೊರಡಿ. ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ಎರಡು ಮಕ್ಕಳ ಅಪ್ಪ

ನಾನು ಸಿಬ್ಬಂದಿಯಲ್ಲ. ನನ್ನ ಇಬ್ಬರೂ ಮಕ್ಕಳು ಶಿಬಿರಕ್ಕೆ ಹೋಗುತ್ತಾರೆ. ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಳೆದ ಸಲ ಬಿಡಲು ಹೋದಾಗ ಸಿಬ್ಬಂದಿ ಯಾರು, ಪೋಷಕರು ಯಾರು ಅಂತಲೇ ತಿಳಿಯಲಿಲ್ಲ. ಕೆಲವು ಹುಡುಗಿಯರ ಚಡ್ಡಿ ತೀರಾ ಚಿಕ್ಕದಿತ್ತು. ಮಕ್ಕಳ ಎದುರು ಒಂದು ಮರ್ಯಾದೆ ಬೇಡವೇ?

ಬಣ್ಣದ ಕೈ

ಬಂತು ನೋಡಿ. ಇನ್ನೂ ಬರಲಿಲ್ಲವಲ್ಲ ಅಂದುಕೊಳ್ಳುತ್ತಿದ್ದೆ.

ಅಪ್ಪಾವ್ರೇ, ಅದೇ ದಿನ ಹುಡುಗರು ತೋಳೇ ಇಲ್ಲದ, ಪಕ್ಕೆ ಸೊಂಟದವರೆಗೆ ಕತ್ತರಿಸಿದ ಬನಿಯನ್ನಿನಲ್ಲಿ ಇರಲಿಲ್ಲವೇ? ಅದು ನಿಮ್ಮ ಕಣ್ಣಿಗೆ ಬೀಳಲಿಲ್ಲ. ನಾನು ಕೆಲಸ ಮಾಡಿದ ಒಂದು ಶಿಬಿರದಲ್ಲಿ ನಿಯಮದ ಹಾಳೆ ಎರಡು ಪುಟ ಇತ್ತು. ಒಂದೂಮುಕ್ಕಾಲು ಪುಟ ಹುಡುಗಿಯರಿಗೆ. ಹುಡುಗರಿಗೆ ‘ಅಂಗಿ ಹಾಕಿರಬೇಕು’ ಅಂತ ಒಂದು ಸಾಲು. ಕೈ ಇಳಿಬಿಟ್ಟಾಗ ಬೆರಳ ತುದಿಗಿಂತ ಚಡ್ಡಿ ಉದ್ದ ಇರಬೇಕಂತೆ. ನನ್ನ ಕೈ ಉದ್ದ. ನನ್ನ ಗೆಳತಿಯ ಕೈ ಗಿಡ್ಡ. ಒಂದೇ ಅಂಗಡಿಯ, ಒಂದೇ ಅಳತೆಯ ಚಡ್ಡಿ. ನಾನು ಫೇಲು, ಅವಳು ಪಾಸು! ಆಮೇಲೆ ಎಲ್ಲರ ಎದುರು ನನ್ನನ್ನು ನಿಲ್ಲಿಸಿ ಅಳತೆ ತೆಗೆದರು. ಹತ್ತು ವರ್ಷದ ಹುಡುಗಿಯರು ನೋಡುತ್ತಾ ನಿಂತಿದ್ದರು. ಅವರು ಅವತ್ತು ಕಲಿತದ್ದು ಮರ್ಯಾದೆಯ ಪಾಠ ಅಂತ ನನಗೆ ಅನಿಸುವುದಿಲ್ಲ.

ಎರಡು ಮಕ್ಕಳ ಅಪ್ಪ

ಹುಡುಗರ ಬಗ್ಗೆ ನೀವು ಹೇಳಿದ್ದು ಸರಿ ಇರಬಹುದು. ನಾನು ಗಮನಿಸಲಿಲ್ಲ. ಆದರೂ ಏನಾದರೂ ಒಂದು ಗೆರೆ ಇರಬೇಕಲ್ವಾ?

ಬಣ್ಣದ ಕೈ

ಇರಲಿ. ಎಲ್ಲರಿಗೂ ಒಂದೇ ಗೆರೆ ಇರಲಿ ಅನ್ನುವುದು ನನ್ನ ಮಾತು.

ಮೇಲ್ವಿಚಾರಣೆ ಮೇಜು

ಸಿಬ್ಬಂದಿ ತೆಗೆದುಕೊಳ್ಳುವವಳು ನಾನು. ಈ ಜಗಳ ಪ್ರತಿ ಬೇಸಿಗೆ ನಮ್ಮಲ್ಲೂ ಆಗುತ್ತಿತ್ತು. ಕೊನೆಗೆ ನಿಯಮವನ್ನೇ ತಿರುಗಿಸಿ ಬರೆದೆವು. ‘ಹುಡುಗಿಯರು’, ‘ಹುಡುಗರು’ ಅನ್ನುವ ಪದ ಎರಡನ್ನೂ ತೆಗೆದೆವು. ಕೂತರೂ, ಬಗ್ಗಿದರೂ, ಕೈ ಎತ್ತಿದರೂ ಒಳ ಉಡುಪು, ಹೊಟ್ಟೆ, ಬೆನ್ನಿನ ಕೆಳಭಾಗ ಕಾಣಬಾರದು. ಓಡಿದರೆ ಜಾರಬಾರದು. ಅಷ್ಟೇ. ಅಳತೆಪಟ್ಟಿ ಇಲ್ಲ, ಬೆರಳು ಇಲ್ಲ. ಯಾರಿಗಾದರೂ ಹೇಳಬೇಕಾದರೆ ಪಕ್ಕಕ್ಕೆ ಕರೆದು ಹೇಳುತ್ತೇವೆ, ಮಕ್ಕಳ ಎದುರಲ್ಲ. ಬದಲಿಸಲು ಬೇರೆ ಬಟ್ಟೆ ಇಲ್ಲದವರಿಗೆ ನಮ್ಮ ಕಪಾಟಿನಿಂದ ಕೊಡುತ್ತೇವೆ. ಕೆಲವರ ಹತ್ತಿರ ನಿಜವಾಗಿಯೂ ಇರುವುದಿಲ್ಲ. ಅದನ್ನು ಉದ್ಧಟತನ ಅಂದುಕೊಳ್ಳುವುದು ನಮ್ಮ ತಪ್ಪು.

ಅಂಗಿ ಮೇಲಿನ ಬರಹಕ್ಕೂ ಒಂದು ಸಾಲು ಇದೆ. ಒಂಬತ್ತು ವರ್ಷದವನು ಜೋರಾಗಿ ಓದಿ ‘ಹಾಗಂದರೇನು?’ ಅಂತ ಕೇಳಿದರೆ ನೀವು ತಡವರಿಸದೆ ಉತ್ತರ ಹೇಳುವಂತಿರಬೇಕು. ಹೆಂಡ, ಸಿಗರೇಟು, ರಾಜಕೀಯ ಎಲ್ಲ ಈ ಒಂದು ಜರಡಿಯಲ್ಲೇ ಉಳಿದುಹೋಗುತ್ತವೆ. ಹಚ್ಚೆ, ಮೂಗಿನ ರಿಂಗು, ಬಣ್ಣದ ಕೂದಲಿನ ಬಗ್ಗೆ ನಮಗೆ ತಕರಾರಿಲ್ಲ.

ಸಿಬ್ಬಂದಿ ಯಾರು ಅಂತ ತಿಳಿಯಲಿಲ್ಲ ಅಂದಿರಲ್ಲ, ಅದು ನಿಜವಾದ ದೂರು. ಸಮವಸ್ತ್ರ ಇರುವುದೇ ಅದಕ್ಕೆ. ಮೊದಲ ದಿನವೇ ಮಕ್ಕಳಿಗೆ ಹೇಳಿಕೊಡುತ್ತೇವೆ: ದಾರಿ ತಪ್ಪಿದರೆ ಈ ಬಣ್ಣದ ಅಂಗಿ ಹುಡುಕಿ. ಆದ್ದರಿಂದ ಕೆಲಸದ ಹೊತ್ತಲ್ಲಿ ಆ ಅಂಗಿ ಮೇಲೆ ಜಾಕೆಟ್ ಮುಚ್ಚಿಕೊಂಡು ಓಡಾಡಬಾರದು. ರಜೆಯ ದಿನ ಅದೇ ಅಂಗಿಯಲ್ಲಿ ಹೊರಗೆ ತಿರುಗಲೂಬಾರದು.

ಮೊದಲ ಬೇಸಿಗೆ

ಹಾಗಾದರೆ ಎರಡು ಟಿ-ಶರ್ಟ್ ಹೇಗೆ ಸಾಕಾಗುತ್ತದೆ? ವಾರಕ್ಕೆ ಆರು ದಿನ ಕೆಲಸ. ಬಟ್ಟೆ ಒಗೆಯಲು ವಾರಕ್ಕೆ ಒಂದೇ ಸಲ ಅವಕಾಶ ಅಂತ ಬರೆದಿದ್ದಾರೆ.

ಹಳೇ ಸೀಟಿ

ಸಾಕಾಗುವುದಿಲ್ಲ. ಒಂದು ಅಂಗಿ ಮೂರು ದಿನ ಅಂದರೆ ಮೂರನೇ ದಿನ ನೀವು ಬರುವ ಮೊದಲು ನಿಮ್ಮ ವಾಸನೆ ಬರುತ್ತದೆ. ಕಡಿಮೆಯೆಂದರೆ ನಾಲ್ಕು ಬೇಕು ಅಂತ ಈಗಲೇ ಕೇಳಿ. ದಿನವೂ ಹಾಕಲೇಬೇಕು ಅನ್ನುವ ಅಂಗಿಯನ್ನು ಅವರೇ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ಮೇಲ್ವಿಚಾರಣೆ ಮೇಜಿನವರು ಒಪ್ಪುತ್ತಾರೋ ಇಲ್ಲವೋ.

ಮೇಲ್ವಿಚಾರಣೆ ಮೇಜು

ಒಪ್ಪುತ್ತೇನೆ. ನಾವು ಐದು ಕೊಡುತ್ತೇವೆ. ಮೊದಲು ಎರಡೇ ಕೊಡುತ್ತಿದ್ದೆವು ಅನ್ನುವುದನ್ನೂ ಒಪ್ಪಿಕೊಳ್ಳುತ್ತೇನೆ.

ಚರ್ಮದ ಚಿಂತೆ

ಬಿಸಿಲಿನ ಬಗ್ಗೆ ಯಾರೂ ಸರಿಯಾಗಿ ಹೇಳಲೇ ಇಲ್ಲ. ಆರು ವಾರ, ದಿನಕ್ಕೆ ಎಂಟು ಗಂಟೆ ಹೊರಗೆ ಇರುವ ಕೆಲಸ ಇದು.

ಬಿಸಿಲು ತಡೆಯಲೆಂದೇ ಮಾಡಿದ ಬಟ್ಟೆಯ ಮೇಲೆ ಯುಪಿಎಫ್ ಅಂತ ಒಂದು ಅಂಕಿ ಇರುತ್ತದೆ. 50 ಅಂದರೆ ಬಿಸಿಲಿನ ಅತಿನೇರಳೆ ಕಿರಣದಲ್ಲಿ ಐವತ್ತರಲ್ಲಿ ಒಂದು ಪಾಲು, ಅಂದರೆ ಶೇಕಡಾ 2 ಮಾತ್ರ ಒಳಗೆ ಬರುತ್ತದೆ. ನಾವೆಲ್ಲ ನಂಬಿಕೊಂಡಿರುವ ತೆಳು ಬಿಳಿ ಹತ್ತಿ ಟಿ-ಶರ್ಟು ಇದೆಯಲ್ಲ, ಅದರದು ಬರೀ 5ರಿಂದ 7ರ ಸುಮಾರು. ಒದ್ದೆಯಾದರೆ 3ರ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ನೀರಾಟ ಮುಗಿಸಿ ಒದ್ದೆ ಬಿಳಿ ಅಂಗಿಯಲ್ಲಿ ಬಿಸಿಲಿಗೆ ಕೂತರೆ ಮೂರರಲ್ಲಿ ಒಂದು ಪಾಲು ನೇರ ಚರ್ಮಕ್ಕೇ. ಒತ್ತಾದ ನೇಯ್ಗೆ, ಗಾಢ ಬಣ್ಣ, ಸಡಿಲ ಹೊಲಿಗೆ ಇದಕ್ಕಿಂತ ಎಷ್ಟೋ ಮೇಲು.

ಮುಂದೆ ಮಾತ್ರ ಅಂಚಿರುವ ಕ್ಯಾಪು ಕಿವಿ, ಕತ್ತು ಎರಡನ್ನೂ ಬಿಸಿಲಿಗೆ ಬಿಟ್ಟುಕೊಡುತ್ತದೆ. ಸುತ್ತಲೂ ಏಳೆಂಟು ಸೆಂಟಿಮೀಟರ್ ಅಂಚಿರುವ ಟೋಪಿ ತನ್ನಿ. ನೀವು ಹಾಕಿದರೆ ಮಕ್ಕಳೂ ಹಾಕುತ್ತಾರೆ. ನೀವು ತೆಗೆದರೆ ಅರ್ಧ ನಿಮಿಷದಲ್ಲಿ ಹನ್ನೆರಡು ಟೋಪಿ ನೆಲದ ಮೇಲೆ. ಬಾಯಲ್ಲಿ ಹೇಳಿದ್ದು ಯಾರ ಕಿವಿಗೂ ಹೋಗುವುದಿಲ್ಲ.

ಬಣ್ಣದ ಕೈ

ಗಾಢ ಬಣ್ಣ ಅಂದಿರಿ. ಕಪ್ಪು ಹಾಕಿದರೆ ಸೆಕೆ ಜಾಸ್ತಿ ಅಲ್ವಾ?

ಚರ್ಮದ ಚಿಂತೆ

ಮೈಗೆ ಅಂಟಿದ ಕಪ್ಪು ಆದರೆ ಹೌದು. ಆದರೆ 1980ರಲ್ಲಿ ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಒಂದು ಸ್ವಾರಸ್ಯದ ಲೇಖನ ಬಂದಿತ್ತು. ಮರುಭೂಮಿಯ ಬೆದೂಯಿನ್ ಜನ ಕಪ್ಪು ನಿಲುವಂಗಿ ಯಾಕೆ ಹಾಕುತ್ತಾರೆ ಅಂತ ಅಳೆದು ನೋಡಿದ್ದರು. ಕಪ್ಪು ಬಟ್ಟೆ ಜಾಸ್ತಿ ಬಿಸಿ ಹೀರಿದ್ದು ನಿಜ. ಆದರೆ ಚರ್ಮಕ್ಕೆ ತಲುಪಿದ ಬಿಸಿ ಕಪ್ಪಿನಲ್ಲೂ ಬಿಳಿಯಲ್ಲೂ ಒಂದೇ. ಉಡುಪು ಸಡಿಲ ಇದ್ದದ್ದರಿಂದ ಹೆಚ್ಚಿನ ಬಿಸಿ ಒಳಗೆ ಬರುವ ಮೊದಲೇ ಗಾಳಿಗೆ ಹೋಗುತ್ತಿತ್ತು. ನಮ್ಮ ಬಿಗಿ ಟಿ-ಶರ್ಟಿಗೆ ಇದು ನಡೆಯುವುದಿಲ್ಲ. ಅದಕ್ಕೇ ಒಂದು ಅಳತೆ ದೊಡ್ಡದು ಕೇಳಿ ತೆಗೆದುಕೊಳ್ಳಿ ಅನ್ನುವುದು.

ಕಾಡು ದಾರಿ

ದೊಡ್ಡ ಅಳತೆಗೆ ನನ್ನದೂ ಒಂದು ಓಟು. ಬಿಗಿ ಬಟ್ಟೆಯ ಮೂಲಕ ಸೊಳ್ಳೆ ಆರಾಮಾಗಿ ಕಚ್ಚುತ್ತದೆ.

ಆದರೆ ಗಾಢ ಬಣ್ಣದ ವಿಷಯದಲ್ಲಿ ನಾನು ಚರ್ಮದ ಚಿಂತೆಯವರ ಎದುರು ಪಕ್ಷ. ಕಾಡಿನ ನಡಿಗೆಗೆ ತಿಳಿ ಬಣ್ಣವೇ ಬೇಕು. ಉಣ್ಣಿ ಹತ್ತಿದರೆ ತಿಳಿ ಪ್ಯಾಂಟಿನ ಮೇಲೆ ಕಪ್ಪು ಚುಕ್ಕಿಯ ಹಾಗೆ ಎದ್ದು ಕಾಣುತ್ತದೆ. ಉದ್ದ ಪ್ಯಾಂಟು ಹಾಕಿ, ಅದರ ತುದಿ ಕಾಲುಚೀಲದ ಒಳಗೆ ತುರುಕಿ. ನೋಡಲು ಚೆನ್ನಾಗಿರುವುದಿಲ್ಲ, ಯಾರು ನೋಡುತ್ತಾರೆ? ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ಮೇಲೆ 2022ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ವಾಸನೆ ಸಿಕ್ಕಿದ ಮೇಲೆ ಅವು ಕೆಂಪು, ಕಿತ್ತಳೆ, ಕಪ್ಪು ಬಣ್ಣದ ಕಡೆ ಹಾರಿದವು. ಬಿಳಿ, ಹಸಿರಿಗೆ ಕ್ಯಾರೇ ಅನ್ನಲಿಲ್ಲ.

ಉಣ್ಣಿ ಜಾಸ್ತಿ ಇರುವ ಜಾಗವಾದರೆ ಪರ್ಮೆಥ್ರಿನ್ ಅನ್ನುವ ಕೀಟನಾಶಕ 0.5 ಶೇಕಡಾ ಹಾಕಿದ ಬಟ್ಟೆ ಸಿಗುತ್ತದೆ. ಅದು ಬಟ್ಟೆಗೆ ಮಾತ್ರ, ಮೈಗೆ ಹಚ್ಚುವುದಲ್ಲ. ಮನೆಯಲ್ಲಿ ಬೆಕ್ಕು ಇದ್ದರೆ ಸಿಂಪಡಿಸಿದ ಬಟ್ಟೆ ಪೂರ್ತಿ ಒಣಗುವ ತನಕ ಅದನ್ನು ಹತ್ತಿರ ಬಿಡಬೇಡಿ, ಬೆಕ್ಕಿಗೆ ಅದು ವಿಷ. ನಡಿಗೆ ಮುಗಿದ ಮೇಲೆ ಬಟ್ಟೆಯನ್ನು ಒಗೆಯುವ ಮೊದಲೇ ಒಣಗಿಸುವ ಯಂತ್ರದಲ್ಲಿ ಜೋರು ಬಿಸಿಗೆ 10 ನಿಮಿಷ ಹಾಕಿ. ಉಣ್ಣಿ ಒಣ ಬಿಸಿಗೆ ಸಾಯುತ್ತದೆ. ತಣ್ಣೀರಲ್ಲಿ ಒಗೆದರೆ ಸ್ನಾನ ಮಾಡಿಕೊಂಡು ಬರುತ್ತದೆ ಅಷ್ಟೇ.

ಮೈಗೆ ಡೀಟ್ ಇರುವ ಸೊಳ್ಳೆ ಮುಲಾಮು ಹಚ್ಚುವವರಿಗೆ ಒಂದು ಮಾತು. ಅದು ಪ್ಲಾಸ್ಟಿಕ್ ತಿನ್ನುತ್ತದೆ. ನನ್ನ ವಾಚಿನ ಪ್ಲಾಸ್ಟಿಕ್ ಗಾಜು ಒಂದೇ ವಾರದಲ್ಲಿ ಮಬ್ಬಾಯಿತು. ಸ್ಪ್ಯಾಂಡೆಕ್ಸ್, ರೇಯಾನ್ ಬಟ್ಟೆಯೂ ಹಾಳಾಗುತ್ತದೆ.

ಬಣ್ಣದ ಕೈ

ಹಾಳಾಗುವ ಮಾತು ಬಂತಲ್ಲ, ಬಿಳಿ ಅಂಗಿ ಕೊಡುವ ಶಿಬಿರಗಳ ಮೇಲೆ ನನಗೆ ಸಿಟ್ಟಿದೆ. ಕತ್ತುಪಟ್ಟಿಯಲ್ಲಿ ತುಕ್ಕಿನ ಹಾಗೆ ಕಿತ್ತಳೆ ಕಲೆ ಬರುತ್ತಿತ್ತು. ಬ್ಲೀಚ್ ಹಾಕಿದೆ, ಇನ್ನೂ ಗಾಢವಾಯಿತು! ಆಮೇಲೆ ತಿಳಿಯಿತು, ಸನ್‌ಸ್ಕ್ರೀನಿನ ಆವೊಬೆನ್‌ಜೋನ್ ಅನ್ನುವ ಅಂಶ ನೀರಿನ ಕಬ್ಬಿಣದ ಜೊತೆ ಸೇರಿ ಆಗುವ ಕಲೆ ಅದು. ಅಲ್ಲಿಂದ ಮುಂದೆ ಜಿಂಕ್ ಆಕ್ಸೈಡ್ ಇರುವುದಕ್ಕೆ ಬದಲಾದೆ.

ನನ್ನ ಕೋಣೆಗೆ ಬರುವ ದಿನ ಮಾತ್ರ ನಿಮ್ಮ ಅತಿ ಹಳೆಯ ಅಂಗಿ ಹಾಕಿ ಬನ್ನಿ. ಬಟ್ಟೆಗೆ ಬಣ್ಣ ಹಾಕುವ ದಿನ ಮಕ್ಕಳ ಪಾಲಿಗೆ ನೀವೂ ಬಟ್ಟೆಯೇ.

ಕೆಂಡದ ಕಾವಲು

ಬೆಂಕಿ ಸುತ್ತ ಕೂರುವ ರಾತ್ರಿ ನನ್ನ ಪಾಲಿಗೆ. ಮೇಲೆ ಎಲ್ಲರೂ ಬೇಗ ಒಣಗುವ ಸಿಂಥೆಟಿಕ್ ಹಾಕಿ ಅಂತ ಹೇಳಿದ್ದೀರಿ. ಹಗಲಿಗೆ ಸರಿ. ಬೆಂಕಿ ಹತ್ತಿರಕ್ಕೆ ಬೇಡವೇ ಬೇಡ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಒಂದು ಕಿಡಿ ಹಾರಿದರೆ ಫ್ಲೀಸ್ ಜಾಕೆಟ್ಟಿನಲ್ಲಿ ತೂತು. ಜಾಸ್ತಿಯಾದರೆ ಕರಗಿದ್ದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಉಣ್ಣೆ ಕರಗುವುದಿಲ್ಲ, ಸುಲಭಕ್ಕೆ ಹತ್ತಿಕೊಳ್ಳುವುದೂ ಇಲ್ಲ. ಅದು ಇಲ್ಲದಿದ್ದರೆ ದಪ್ಪ ಹತ್ತಿ. ಹತ್ತಿಯೂ ಉರಿಯುತ್ತದೆ, ಆದರೆ ಅಂಟುವುದಿಲ್ಲ. ಸಡಿಲ ತೋಳು ಮಡಚಿಕೊಳ್ಳಿ. ಹೆಗಲ ಮೇಲೆ ಇಳಿಬಿಟ್ಟ ಶಾಲು, ಕಂಬಳಿ ಹೊದ್ದು ಬೆಂಕಿ ಕೆದಕಬೇಡಿ.

ಹಾಗಾಗಿ ನಿಮ್ಮ ಜೀನ್ಸ್‌ನಲ್ಲಿ ಒಂದನ್ನು ತನ್ನಿ. ಬೆಂಕಿ ರಾತ್ರಿಗೆ ಅದೇ ಸರಿ.

ಹಳೇ ಸೀಟಿ

ಇದನ್ನು ನಾನು ಮರೆತೇಬಿಟ್ಟಿದ್ದೆ. ಮೂರೂ ಬಿಟ್ಟು ಬನ್ನಿ ಅಂದದ್ದನ್ನು ವಾಪಸ್ ತೆಗೆದುಕೊಂಡೆ. ಎರಡು ಬಿಟ್ಟು ಬನ್ನಿ.

ಬೆಂಕಿ ಅಂದಾಗ ನೆನಪಾಯಿತು. ಸ್ಕೌಟಿನವರ ಕತ್ತಿನ ಸ್ಕಾರ್ಫ್ ನೋಡಿ ಮೊದಲು ನಗುತ್ತಿದ್ದೆ. ಸ್ಕೌಟ್ ಸ್ಥಾಪಕ ಬೇಡನ್-ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರಿಗೆ ಮೊದಲ ಸ್ಕೌಟ್ ಶಿಬಿರ ಮಾಡಿದ. ಅಲ್ಲಿಂದ ಬೆಳೆದ ಚಳವಳಿಯ ಉಡುಪು ಅದು, ಸುಮ್ನೆ ಅಲಂಕಾರ ಅಂದುಕೊಂಡಿದ್ದೆ. ಆಮೇಲೆ ಒಂದು ಸಲ ಒಬ್ಬಳ ಮಣಿಕಟ್ಟು ಉಳುಕಿದಾಗ ಅದನ್ನೇ ಬಿಚ್ಚಿ ಕತ್ತಿಗೆ ಜೋಲಿ ಕಟ್ಟಿದೆ. ಮೂಲೆಯಿಂದ ಮೂಲೆಗೆ ಮಡಚಿದರೆ ತ್ರಿಕೋನ ಬ್ಯಾಂಡೇಜೇ. ಈಗ ಜೇಬಲ್ಲಿ ಒಂದು ಇಟ್ಟುಕೊಂಡೇ ಇರುತ್ತೇನೆ.

ನರ್ಸಕ್ಕ

ಜೇಬಿನ ಜೊತೆಗೆ ಸೊಂಟದ ಚೀಲವೂ ಇರಲಿ. ಕೈಗವಸು ಎರಡು ಜೊತೆ, ಪ್ಲಾಸ್ಟರ್, ಸಣ್ಣ ಪುಸ್ತಕ, ಪೆನ್ಸಿಲ್. ಅಲರ್ಜಿ ಇರುವ ಮಗುವಿಗೆ ಎಪಿನೆಫ್ರಿನ್ ಪೆನ್ (ಜೋರು ಅಲರ್ಜಿಯಾದಾಗ ಚುಚ್ಚುವ ತುರ್ತು ಇಂಜೆಕ್ಷನ್) ಕೊಟ್ಟಿದ್ದರೆ ಅದು ಗುಂಪಿನ ಜೊತೆಯಲ್ಲೇ ಹೋಗಬೇಕು. ಕೋಣೆಯಲ್ಲಿ ಬೆಚ್ಚಗೆ ಇಟ್ಟು ಬಂದರೆ ಊಟಕ್ಕಿಲ್ಲದ ಉಪ್ಪಿನಕಾಯಿ ಆಯಿತು. ಬೆನ್ನಿನ ಬ್ಯಾಗನ್ನು ಆಡುವಾಗ ಕೆಳಗಿಡುತ್ತೀರಿ, ಅಲ್ಲೇ ಮರೆಯುತ್ತೀರಿ. ಸೊಂಟದ್ದು ಮೈಮೇಲೇ ಇರುತ್ತದೆ.

ಕೈಗೆ ವಾಚ್ ಕಟ್ಟಿ. ಫೋನ್ ತೆಗೆದು ಗಂಟೆ ನೋಡಿದರೂ ಮಕ್ಕಳ ಕಣ್ಣಿಗೆ ನೀವು ಫೋನ್ ನೋಡುತ್ತಿರುವವರೇ.

ಎರಡು ಮಕ್ಕಳ ಅಪ್ಪ

ಇಷ್ಟೆಲ್ಲ ಯೋಚನೆ ಇದರ ಹಿಂದೆ ಇದೆ ಅಂತ ನನಗೆ ಗೊತ್ತಿರಲಿಲ್ಲ. ಈ ಸಲ ಮಕ್ಕಳನ್ನು ಬಿಡಲು ಹೋದಾಗ ಚಡ್ಡಿ ನೋಡುವುದಿಲ್ಲ, ಕಾಲಿಗೆ ಏನು ಹಾಕಿದ್ದಾರೆ ನೋಡುತ್ತೇನೆ. ಅಂದ ಹಾಗೆ, ಕಳೆದ ಸಲ ನಮಗೆ ಬಟ್ಟೆ ನಿಯಮ ಓದಿಹೇಳಿದ ಮುಖ್ಯಸ್ಥರೇ ಹವಾಯಿ ಚಪ್ಪಲಿಯಲ್ಲಿದ್ದರು.

ಬಣ್ಣದ ಕೈ

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಮೊದಲ ಬೇಸಿಗೆ

ಮೊದಲ ವಾರ ಮುಗಿಯಿತು. ರಜೆಯ ದಿನ ಕೂತು ಬರೆಯುತ್ತಿದ್ದೇನೆ.

ಟಿ-ಶರ್ಟ್ ನಾಲ್ಕು ಕೇಳಿದೆ, ಮೂರು ಕೊಟ್ಟರು. ಒಂದು ಅಳತೆ ದೊಡ್ಡದು. ಬೊಬ್ಬೆ ಒಂದೂ ಬಂದಿಲ್ಲ. ನನ್ನ ಜೊತೆ ಸೇರಿದ ಇನ್ನೊಬ್ಬ ಹೊಸ ಶೂನಲ್ಲಿ ಬಂದು ಬುಧವಾರದಿಂದ ಕುಂಟುತ್ತಿದ್ದಾನೆ. ಕಾಲುಚೀಲ ಎರಡರಷ್ಟು ತಂದೆ, ಆದರೂ ಸಾಲದು. ಮಂಗಳವಾರ ರಾತ್ರಿ ಎರಡೂವರೆಗೆ ನಿಜವಾಗಿಯೂ ಒಬ್ಬ ವಾಂತಿ ಮಾಡಿಕೊಂಡ. ನರ್ಸಕ್ಕ, ನಿಮ್ಮ ಮಾತು ಕೇಳಿ ಪೈಜಾಮ ತಂದಿದ್ದಕ್ಕೆ ಬದುಕಿದೆ.

ಟೋಪಿ ಮಾತೂ ನಿಜ. ಗುರುವಾರ ತಲೆ ಕೆರೆಯಲು ತೆಗೆದೆ. ಅರ್ಧ ನಿಮಿಷವೂ ಬೇಕಾಗಲಿಲ್ಲ.

ಒಂದೇ ಒಂದು ತಪ್ಪು ಮಾಡಿದೆ. ಕೊಟ್ಟ ಲ್ಯಾನ್ಯಾರ್ಡ್‌ನಲ್ಲಿ ಬಿಚ್ಚುವ ಕೊಂಡಿ ಇರಲಿಲ್ಲ, ಒಂದು ದಿನಕ್ಕೆ ಏನಾಗುತ್ತದೆ ಅಂತ ಕತ್ತಿಗೇ ಹಾಕಿಕೊಂಡೆ. ಹಗ್ಗದ ಮೇಷ್ಟ್ರು ಹೇಳಿದ ಕುದುರೆ ನಾನೇ ಆದೆ. ಈಗ ಸೊಂಟದಲ್ಲಿದೆ.

ಹಳೇ ಸೀಟಿ

ಹಲ್ಲು ಸಿಕ್ಕಿತಾ?

ಮೊದಲ ಬೇಸಿಗೆ

ಎರಡು. ಬಲ ಜೇಬಿನಲ್ಲಿವೆ, ಜಿಪ್ ಹಾಕಿ ಇಟ್ಟಿದ್ದೇನೆ. ಯಾವುದು ಯಾರದು ಅಂತ ಮಾತ್ರ ಈಗ ಗೊತ್ತಾಗುತ್ತಿಲ್ಲ.